ಈ ಊರಿಗೆ ಇಂಥ ಗಾಡಿ ಬೇಕಾ ಅಂತ ಕೇಳುವವರಿಗೆ

ಬ್ಯಾಂಕಿನ ಕೌಂಟರ್ ಆಚೆ ನಿಂತವರು ಕೇಳಿದ್ದಾರೆ. ಪೆಟ್ರೋಲ್ ಬಂಕಿನಲ್ಲಿ ಹಿಂದಿನ ಗಾಡಿಯವರು ಕೇಳಿದ್ದಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತ, ಹೆಸರೂ ಗೊತ್ತಿಲ್ಲದ ದೊಡ್ಡವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ್ದಾರೆ: "ಅಲ್ಲವ್ವಾ, ಈ ದಾವಣಗೆರೆ ಟ್ರಾಫಿಕ್‌ನಾಗೆ ಆಫೀಸಿಗೆ ಹೋಗಾಕೆ ಇಂಥ ಗಾಡಿ ಬೇಕಾ?" ಮೊದಮೊದಲು ನಕ್ಕು ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗಾಡಿ ಯಮಹಾ ಆರ್‌15 ಅನ್ನುವ ಸ್ಪೋರ್ಟ್ಸ್ ಬೈಕ್, ಮೂರನೇ ಆವೃತ್ತಿ, 155 ಸಿಸಿ. ಮನೆ ವಿದ್ಯಾನಗರ, ಕೆಲಸ ಮಂಡಿಪೇಟೆ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ. ನಾನು ಹೆಂಗಸು. ಇದನ್ನು ಹೇಳಲೇಬೇಕು, ಯಾಕೆಂದರೆ ಇದೇ ಗಾಡಿ ಓಡಿಸುವ ಗಂಡಸರಿಗೆ ಜನ "ಎಷ್ಟು ಓಡ್ತದೆ?" ಅಂತ ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಮುಂಚೆ ಇನ್ನೊಂದು ಇರುತ್ತದೆ: "ಯಾರ್ದು ಗಾಡಿ? ತಮ್ಮಂದಾ? ಯಜಮಾನ್ರದಾ?" ನನ್ನದು. ನನ್ನ ಸಂಬಳದಲ್ಲಿ ಕಂತು ಕಟ್ಟಿ ತೀರಿಸಿದ್ದು. ಆರ್‌ಸಿ ಮೇಲೆ ನನ್ನ ಹೆಸರಿದೆ. ಈ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಬೇಕಾ ಅಂದರೆ, ನನಗೆ ಬೇಕು. ಈ ಗಾಡಿ ಇಷ್ಟ, ಅದರ ಮೇಲೆ ಕೂತು ಹೋಗುವುದು ಇಷ್ಟ. ಕೇಳಿದವರ ಮನೆಯಲ್ಲಿ ಇಬ್ಬರಿಗೆ ಎಂಟು ಸೀಟಿನ ಕಾರಿರುತ್ತದೆ, ಅದು ಯಾಕೆ ಅಂತ ನಾನು ಯಾವತ್ತೂ ಕೇಳಿಲ್ಲ.

"ಕಷ್ಟ ಆಗಲ್ವಾ?" ಅನ್ನುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಲ್ಲಿ ಕೆಲವರು ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳುತ್ತಾರೆ. ಆಗುತ್ತದೆ. ಹ್ಯಾಂಡಲ್ ತಗ್ಗಿನಲ್ಲಿದೆ, ಸೀಟು ನೆಲದಿಂದ 815 ಮಿಲಿಮೀಟರ್ ಎತ್ತರದಲ್ಲಿದೆ, ಹಾಗಾಗಿ ಮೈ ಮುಂದಕ್ಕೆ ಬಾಗುತ್ತದೆ. ಹೊಸಬರು ಆ ಭಾರವನ್ನೆಲ್ಲ ಅಂಗೈ ಮೇಲೆ ಬಿಡುತ್ತಾರೆ, ಗುಂಡಿ ಸರ್ಕಲ್ ದಾಟುವುದರೊಳಗೆ ಮಣಿಕಟ್ಟು ನೋಯಲು ಶುರುವಾಗುತ್ತದೆ. ಭಾರ ಹೊರಬೇಕಾದದ್ದು ತೊಡೆ ಮತ್ತು ಬೆನ್ನು. ಎರಡು ಮಂಡಿಯಿಂದ ಟ್ಯಾಂಕನ್ನು ಅವುಚಿ ಹಿಡಿದರೆ ಕೈ ಹಗುರಾಗುತ್ತದೆ, ಮೊಣಕೈ ಸ್ವಲ್ಪ ಮಡಿಚಿಕೊಳ್ಳುತ್ತದೆ, ರಸ್ತೆಯಲ್ಲಿ ಗುಂಡಿ ಬಂದಾಗ ಹ್ಯಾಂಡಲ್ ತನ್ನಷ್ಟಕ್ಕೆ ಅಲುಗಾಡಿ ಸರಿಹೋಗುತ್ತದೆ. ಬುತ್ತಿ ಬ್ಯಾಗಿನ ಪಟ್ಟಿಯನ್ನೂ ಉದ್ದ ಬಿಡಬೇಕು, ಬ್ಯಾಗಿನ ತಳ ಸೀಟಿನ ಮೇಲೆ ಕೂರಬೇಕು. ಬೆನ್ನಿಗೆ ನೇತುಬಿದ್ದರೆ ಅದರ ಭಾರವೂ ಮಣಿಕಟ್ಟಿಗೇ ಬರುತ್ತದೆ.

ತಿರುಗಿಸುವುದು ಇನ್ನೊಂದು ಕಷ್ಟ. ಈ ಹ್ಯಾಂಡಲ್ ಸ್ಪ್ಲೆಂಡರ್ ಥರ ಪೂರ್ತಿ ಹೊರಳುವುದಿಲ್ಲ. ಮಂಡಿಪೇಟೆಯಲ್ಲಿ ಒಂದು ಕಡೆ ಲಾರಿಯಿಂದ ಹಮಾಲರು ಚೀಲ ಇಳಿಸುತ್ತಿರುತ್ತಾರೆ, ಇನ್ನೊಂದು ಕಡೆ ಲಗೇಜ್ ಆಟೋ ಅಡ್ಡ ನಿಂತಿರುತ್ತದೆ. ಅಲ್ಲಿ ನುಗ್ಗಿ ನೋಡೋಣ ಅನ್ನುವ ಹಾಗಿಲ್ಲ. ಇಪ್ಪತ್ತು ಅಡಿ ಮುಂಚೆಯೇ ಜಾಗ ಲೆಕ್ಕ ಹಾಕಿರಬೇಕು. ಫಸ್ಟ್ ಗೇರ್, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಮೇಲೆ ತುಸುವೇ ಕಾಲು, ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಸಂದಿಯ ಮೇಲೆ. ಈ ಎಂಜಿನ್ನಿನ ಪೂರ್ತಿ ಶಕ್ತಿ, ಸುಮಾರು 19 ಪಿಎಸ್, ಸಿಗುವುದು ಅದು ನಿಮಿಷಕ್ಕೆ 10,000 ಸುತ್ತು ತಿರುಗಿದಾಗ. ಅಶೋಕ ರಸ್ತೆಯಲ್ಲಿ ಅದರ ಹತ್ತಿರಕ್ಕೂ ನಾನು ಹೋಗುವುದಿಲ್ಲ. ಮೂರನೇ ಗೇರಿನಲ್ಲಿ ಸಮಾಧಾನವಾಗಿ ಬರುತ್ತೇನೆ. ನಿಧಾನಕ್ಕೆ ಓಡಿಸಲು ಬೇಕಾದ ಕೈಚಳಕವನ್ನು ನಾನು ಕಲಿತದ್ದು ಈ ಗಾಡಿಯ ಮೇಲೆಯೇ.

ಬಿಸಿಲಿನದೂ ಇದೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಇದ್ದಾಗ ಸಿಗ್ನಲ್ಲಿನಲ್ಲಿ ನಿಂತರೆ ರೇಡಿಯೇಟರ್ ಫ್ಯಾನ್ ತಿರುಗತೊಡಗಿ ಬಿಸಿಗಾಳಿಯನ್ನು ಕಾಲಿಗೆ ಬೀಸುತ್ತದೆ. ಸಿಗ್ನಲ್ ದೊಡ್ಡದಿದ್ದರೆ ಎಂಜಿನ್ ಆಫ್ ಮಾಡುತ್ತೇನೆ. ಅಷ್ಟೇ ಅದರ ಪರಿಹಾರ.

ಬಟ್ಟೆ ಬಗ್ಗೆ ಹೆಂಗಸರು ಕೇಳುತ್ತಾರೆ. ವೇಲು ಹಾಕಿಕೊಂಡು ಯಾವ ಬೈಕನ್ನೂ ಓಡಿಸಬೇಡಿ, ಹಿಂದೆಯೂ ಕೂರಬೇಡಿ. ತೆಗೆದು ಬ್ಯಾಗಿಗೆ ಹಾಕಿ, ಮೇಲೊಂದು ಜಾಕೆಟ್ ತೊಡಿ. ಹಿಂದಿನ ಚಕ್ರದ ಅರ್ಧದಷ್ಟನ್ನು ಮುಚ್ಚುವ ಸೀರೆ ಗಾರ್ಡ್ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಹುಡುಗರು ಹೊಸ ಗಾಡಿ ತಂದ ವಾರಕ್ಕೇ ಚೆಂದ ಕಾಣಲ್ಲ ಅಂತ ಅದನ್ನು ಬಿಚ್ಚಿಸುತ್ತಾರೆ, ಆಮೇಲೆ ಅದೇ ಗಾಡಿ ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಾರೆ. ನನಗೆ ನೋಡಲಾಗುವುದಿಲ್ಲ.

ಇನ್ನು "ಎಷ್ಟು ಓಡ್ತದೆ?" ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ಹದಡಿ ರಸ್ತೆಯಲ್ಲಿ ಒಂದು ಸಂಜೆ ಮನೆ ಕಡೆ ಬರುತ್ತಿದ್ದೆ. ಮುಂದೆ ಮಂಡಕ್ಕಿ ಚೀಲಗಳನ್ನು ಆಳೆತ್ತರಕ್ಕೆ ಪೇರಿಸಿದ ಲಗೇಜ್ ಆಟೋ. ಹಗ್ಗ ಸಡಿಲಾಗಿದ್ದು ಕಾಣುತ್ತಿತ್ತು, ಅದಕ್ಕೇ ನಾನು ಅಂತರ ಬಿಟ್ಟಿದ್ದೆ. ಒಂದು ಚೀಲ ಉರುಳಿತು, ಆಟೋದವನು ನಡುರಸ್ತೆಯಲ್ಲೇ ಗಕ್ಕನೆ ನಿಲ್ಲಿಸಿದ. ನಾನೂ ನಿಲ್ಲಿಸಿದೆ. ಆಟೋಗೂ ನನ್ನ ಮುಂದಿನ ಚಕ್ರಕ್ಕೂ ನಡುವೆ ಒಬ್ಬ ಮನುಷ್ಯ ನಡೆದುಹೋಗುವಷ್ಟು ಜಾಗ ಉಳಿದಿತ್ತು. ಆಗ ಹಿಂದೆ ಟೈರು ಕಿರ್ರೆಂದಿತು. ಹಳೇ ಕಮ್ಯೂಟರ್ ಬೈಕಿನ ಹುಡುಗನೊಬ್ಬ, ಕಾಲೇಜಿನವನಿರಬೇಕು, ಅಡ್ಡಡ್ಡ ಜಾರಿಕೊಂಡು ಬಂದು ನನ್ನ ಪಕ್ಕದಲ್ಲಿ ಬಿದ್ದ. ಪ್ಯಾಂಟಿನ ಮಂಡಿ ಹರಿದು ರಕ್ತ ಬರುತ್ತಿತ್ತು. ಪುಣ್ಯಕ್ಕೆ ಹಿಂದೆ ಬಸ್ಸಿರಲಿಲ್ಲ.

ಗಾಡಿ ಸ್ಟ್ಯಾಂಡ್ ಹಾಕಿ ಅವನನ್ನು ಎಬ್ಬಿಸುವಷ್ಟರಲ್ಲಿ ಜನ ಸೇರಿದ್ದರು. ಆಟೋದವನು "ಮಂಡಕ್ಕಿ ತುಳೀಬ್ಯಾಡ್ರಪ್ಪೋ, ಸರೀರಿ ಅತ್ಲಾಗೆ!" ಅಂತ ಎರಡೂ ಕೈ ಚಾಚಿ ಚೀಲಕ್ಕೆ ಕಾವಲು ನಿಂತಿದ್ದ. ಪಂಚೆ ಉಟ್ಟ ಹಿರಿಯರೊಬ್ಬರು ನನ್ನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು. "ಇಂಥ ಗಾಡಿ ಇಟ್ಕಂಡು ಊರಾಗೆ ಬಂದ್ರೆ ಹಿಂಗೇ ಆಗೋದು. ಎಷ್ಟು ಓಡ್ತತಿ ಇದು, ನೂರೈವತ್ತಾ?"

"ಯಜಮಾನ್ರೇ, ನನ್ನ ಗಾಡಿ ನಿಂತೈತೆ. ಜಾರಿದ್ದು ಅವನದು."

"ಅದೇ ಮತ್ತೆ, ನೀನು ಹಂಗೆ ಗಕ್ಕನೆ ನಿಲ್ಸಿದ್ದಕ್ಕೇ ಅವ ಬಿದ್ದಿದ್ದು."

ನಿಲ್ಲಿಸದೆ ಆಟೋದೊಳಗೆ ಹೋಗಬೇಕಿತ್ತೇ? ಅವರ ಜೊತೆ ವಾದಕ್ಕಿಳಿಯಲಿಲ್ಲ. ಹುಡುಗನ ಮಂಡಿಗೆ ನೀರು ಹಾಕುತ್ತಾ, "ಮುಂದಿನ ಬ್ರೇಕ್ ಹಿಡಿಲಿಲ್ವೇನಪ್ಪಾ?" ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. "ಇಲ್ಲಕ್ಕಾ. ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ, ಮುಟ್ಟಬ್ಯಾಡ ಅಂತ ಅಪ್ಪ ಹೇಳ್ಯಾರೆ."

ಈ ಮಾತು ನಮ್ಮ ಊರಿನ ಎಷ್ಟು ಮನೆಗಳಲ್ಲಿ ಹೇಳಿಲ್ಲ! ನನ್ನ ಅಪ್ಪನೂ ಹೇಳಿದ್ದರು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ತಪ್ಪು, ಜೀವ ತೆಗೆಯುವಂಥ ತಪ್ಪು. ಬ್ರೇಕ್ ಹಿಡಿದಾಗ ಗಾಡಿಯ ಭಾರ, ನಮ್ಮ ಭಾರ ಎರಡೂ ಮುಂದಕ್ಕೆ ವಾಲುತ್ತವೆ. ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಜೋರಾಗಿ ಬ್ರೇಕ್ ತುಳಿದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ಆ ಹುಡುಗನಿಗೆ ಆದಂತೆ. ಗಟ್ಟಿಯಾಗಿ ನಿಲ್ಲಿಸುವ ಶಕ್ತಿ ಬಹುಪಾಲು ಮುಂದಿನ ಚಕ್ರದಲ್ಲಿದೆ. ಹಿಂದಿನದನ್ನೊಂದೇ ನಂಬಿದರೆ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತೇವೆ, ಅಂದರೆ ಕೈ ಬ್ರೇಕಿಗೆ ಹೋಗುವ ಮುಂಚೆಯೇ ಅಷ್ಟು ರಸ್ತೆ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ.

ಹಾಗಾಗಿ ನನ್ನನ್ನು ಕೇಳಬೇಕಾದದ್ದು "ಹೆಂಗೆ ನಿಲ್ಲಿಸ್ತೀಯಾ?" ಅಂತ. ಇವತ್ತಿನವರೆಗೆ ತಾನಾಗಿ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಎರಡು ಬೆರಳು ಯಾವಾಗಲೂ ಮುಂದಿನ ಬ್ರೇಕ್ ಲಿವರ್ ಮೇಲಿರಲಿ. ಮೊದಲು ಲಿವರಿನ ಸಡಿಲವನ್ನಷ್ಟೇ ಎಳೆದುಕೊಳ್ಳಿ. ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗಿನ ಕಂಬಗಳು, ಸ್ವಲ್ಪ ಕುಗ್ಗುವುದು ಕೈಗೆ ಗೊತ್ತಾಗುತ್ತದೆ. ಕುಗ್ಗಿತು ಅಂದರೆ ಟೈರು ರಸ್ತೆಯನ್ನು ಹಿಡಿದಿದೆ ಅಂತ ಅರ್ಥ, ಆಮೇಲೆ ಹಿಂಡುತ್ತಾ ಹೋಗಿ. ಲಿಂಬೆಹಣ್ಣು ಹಿಂಡುವಂತೆ ಒತ್ತಡ ಏರುತ್ತಾ ಹೋಗಬೇಕು, ಗಬಕ್ಕನೆ ಎಳೆಯಬಾರದು. ಅಪ್ಪಂದಿರು ಹೆದರುವ ಪಲ್ಟಿ ಬರುವುದು ಹಾಗೆ ಎಳೆದಾಗ. ಜೊತೆಗೆ ಹಿಂದಿನ ಬ್ರೇಕ್ ಹಗುರಾಗಿ, ಹ್ಯಾಂಡಲ್ ನೇರ, ಕಣ್ಣು ದೂರ.

ನಮ್ಮ ಸೀಮೆಗೆ ಒಂದು ಎಚ್ಚರಿಕೆ ಬೇರೆಯೇ ಇದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಕಡೆ ಟ್ರ್ಯಾಕ್ಟರಿನಿಂದ ಕಾಳು ಸೋರಿರುತ್ತದೆ, ಹಳ್ಳಿ ರಸ್ತೆಗಳಲ್ಲಿ ರಾಶಿಯನ್ನೇ ಒಣ ಹಾಕಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿಯಲೇಬಾರದು. ಕಾಳು ಬರುವ ಮುಂಚೆ ವೇಗ ಇಳಿಸಿ, ಕಾಳಿನ ಮೇಲೆ ನೇರವಾಗಿ ದಾಟಿ, ಆಚೆ ಹೋದ ಮೇಲೆ ಬೇಕಾದ್ದು ಮಾಡಿ.

"ನಿಮ್ಮದು ಎಬಿಎಸ್ ಇದೆ, ಅದಕ್ಕೇ ಧೈರ್ಯ" ಅನ್ನುತ್ತಾರೆ. ಇದೆ, ಒಳ್ಳೆಯದೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಆದರೂ ಇರಬೇಕೆಂದಾಯಿತು. ಆದರೆ ಎಬಿಎಸ್ ಮಾಡುವುದು ಬ್ರೇಕ್ ಹಿಡಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವುದನ್ನು ಮಾತ್ರ. ಮುಟ್ಟದೇ ಬಿಟ್ಟ ಲಿವರನ್ನು ಅದು ಹಿಂಡುವುದಿಲ್ಲ.

ಲೈಸೆನ್ಸಿಗೆ ಹೋದಾಗ ನನ್ನ ಕೈಲಿ 8 ಹಾಕಿಸಿದರು, ಕೈಸನ್ನೆ ಕೇಳಿದರು. ಜೋರಾಗಿ ಬಂದು ನಿಲ್ಲಿಸಿ ತೋರಿಸು ಅಂತ ಯಾರೂ ಹೇಳಲಿಲ್ಲ. ಅಕ್ಕನ ಮಗ ಗಾಡಿ ಕಲಿಯುತ್ತೇನೆ ಅಂದಾಗ ಭಾನುವಾರ ಬೆಳಿಗ್ಗೆ ಬಡಾವಣೆಯ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಮೊದಲು ಕಲಿಸಿದ್ದು ಇದನ್ನೇ. ಇಪ್ಪತ್ತರಲ್ಲಿ ಬಾ, ನಿಲ್ಲಿಸು. ಮೂವತ್ತರಲ್ಲಿ ಬಾ, ನಿಲ್ಲಿಸು. "ಚಿಕ್ಕಮ್ಮಾ, ಯಾವಾಗ ಓಡ್ಸೋದು ಕಲಿಸ್ತೀಯಾ?" ಅಂತ ಮುಖ ಊದಿಸಿಕೊಂಡ. ನಿಲ್ಲಿಸುವುದು ಬಂದ ಮೇಲೆ ಅಂದೆ. ಈಗ ಅವನ ಗೆಳೆಯರೂ ಬರುತ್ತಾರೆ, ಅವರಲ್ಲೊಬ್ಬಳು ಹುಡುಗಿಯೂ ಇದ್ದಾಳೆ. ನಿಮ್ಮ ಮನೆಯಲ್ಲೂ ಗಾಡಿ ಕಲಿಯುವವರಿದ್ದರೆ ಕಳಿಸಿ, ಇಪ್ಪತ್ತು ವರ್ಷದಿಂದ ಓಡಿಸುತ್ತಿರುವ ಅಪ್ಪಂದಿರೂ ಬನ್ನಿ. ಗಾಡಿ ಯಾವುದಾದರೂ ನಡೆಯುತ್ತದೆ. ತಲೆಗೆ ಐಎಸ್‌ಐ ಗುರುತಿನ ಹೆಲ್ಮೆಟ್, ಕಾಲಿಗೆ ಬೂಟು ಇರಲೇಬೇಕು. ಬಿಸಿಲೇರುವ ಮುಂಚೆ ಮುಗಿಸುತ್ತೇವೆ, ಏಳು ಗಂಟೆಗೆಲ್ಲ ಬಂದುಬಿಡಿ.