ಸಿಸಿಟಿವಿ ಕ್ಯಾಮೆರಾ ದೋಣಿ ಹತ್ತಿತು: ಮುನಿರಾಬಾದ್ ಹಿನ್ನೀರಿನಿಂದ ಈವರೆಗಿನ ವರದಿ

ದೋಣಿಯ ಮುಂಭಾಗದ ಕ್ಯಾಮೆರಾ ಕೊನೆಗೂ ಪ್ಲಾಟರ್ (ನೀರಿನ ಆಳ, ದಾರಿ ತೋರಿಸುವ ಯಂತ್ರ) ಪರದೆ ಮೇಲೆ ಬಂತು. ಹಿಂಭಾಗದ್ದು ಇನ್ನೂ ಮೇಜಿನ ಮೇಲೇ ಇದೆ. ಇಲ್ಲಿವರೆಗೆ ಏನೇನು ಆಯಿತು, ಯಾವುದು ಸತಾಯಿಸಿತು ಅಂತ ಬರೆದಿಡುತ್ತಿದ್ದೇನೆ.

ದೋಣಿ ಕಾಕಾನದು. ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಮೋಟಾರ್. ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲಿನಲ್ಲೇ ಬಲೆ ಬಿಡುವವರು ಬಹಳ ಜನ, ಅವರಿಗೆ ಈ ತಲೆನೋವು ಇಲ್ಲ. ಕಾಕಾ ಗೋವಾದ ಒಬ್ಬರಿಂದ ಹಳೆಯ ಏಳು ಇಂಚಿನ ಚಾರ್ಟ್ ಪ್ಲಾಟರ್ ತಂದ. ಅದರಲ್ಲಿ ಅವನಿಗೆ ಬೇಕಿದ್ದದ್ದು ಎರಡೇ: ನೀರಿನ ಆಳ, ಬಂದ ದಾರಿಯ ಜಿಪಿಎಸ್ ಜಾಡು. ಅಣೆಕಟ್ಟು ತುಂಬಿದಾಗ ಮಟ್ಟ 1633 ಅಡಿ. ಬೇಸಿಗೆ ಹೊತ್ತಿಗೆ ನೀರು ಎಷ್ಟು ಇಳಿಯುತ್ತದೆ ಅಂದರೆ, ಮಳೆಗಾಲದಲ್ಲಿ ಆರಾಮಾಗಿ ಓಡಾಡಿದ ಜಾಗದಲ್ಲಿ ಬಂಡೆಗಳು ತಲೆ ಎತ್ತಿರುತ್ತವೆ. ಆಳ ಗೊತ್ತಿರಲೇಬೇಕು.

ಕ್ಯಾಮೆರಾ ಯಾಕೆ ಅಂದರೆ, ಕಾಕಾ ಕೂರುವುದು ಹಿಂದೆ, ಮೋಟಾರ್ ಹಿಡಿ ಪಕ್ಕ. ಮುಂದೆ ಬಲೆ, ಐಸ್ ಪೆಟ್ಟಿಗೆ, ಕ್ರೇಟು ಎಲ್ಲ ಪೇರಿಸಿದರೆ ಎದುರಿನ ನೀರೇ ಕಾಣುವುದಿಲ್ಲ. ಬೇರೆಯವರ ಬಲೆಯ ಥರ್ಮಾಕೋಲ್ ತುಂಡು ತಪ್ಪಿತೋ, ಹಗ್ಗ ಫ್ಯಾನಿಗೆ ಸುತ್ತಿಕೊಂಡಿತು ಅಂತಲೇ ಲೆಕ್ಕ.

ಪ್ಲಾಟರ್ ಕಂಪನಿಗಳೇ ದೋಣಿಗೆ ಅಂತ ಕ್ಯಾಮೆರಾ ಮಾರುತ್ತವೆ. ಬೆಲೆ ನೋಡಿ ಪುಟ ಮುಚ್ಚಿದೆ. ನನ್ನ ಕಸುಬು ಸಿಸಿಟಿವಿ ಫಿಟ್ಟಿಂಗ್, ಅಂಗಡಿಯಲ್ಲಿ ಬುಲೆಟ್ ಕ್ಯಾಮೆರಾಗಳು ಸುಮ್ನೆ ಬಿದ್ದಿರುತ್ತವೆ. ಕ್ಯಾಮೆರಾ ಒಂದು ಕಂಪನಿಯದು, ಪರದೆ ಇನ್ನೊಂದು ಕಂಪನಿಯದು ಆದರೂ ಮಾತಾಡಿಕೊಳ್ಳಲಿ ಅಂತಲೇ 2008ರಲ್ಲಿ ಆಕ್ಸಿಸ್, ಬಾಶ್, ಸೋನಿ ಸೇರಿ ಒನ್‌ವಿಫ್ ಅನ್ನುವ ಸಾಮಾನ್ಯ ನಿಯಮಾವಳಿ ಶುರು ಮಾಡಿದವು. ನಮ್ಮ ಪ್ಲಾಟರ್‌ನ ಕೈಪಿಡಿಯಲ್ಲೂ ಒನ್‌ವಿಫ್ ಹೆಸರಿದೆ. ಹಾಗಾದರೆ ವೈರ್ ಚುಚ್ಚಿದರೆ ಆಯ್ತಲ್ವಾ? ಆಗಲಿಲ್ಲ.

ಮೊದಲ ತಕರಾರು ವಿಳಾಸದ್ದು. ಅಂಗಡಿಯಿಂದ ಬರುವ ಕ್ಯಾಮೆರಾ ಸಾಮಾನ್ಯವಾಗಿ 192.168 ಅಂತ ಶುರುವಾಗುವ ಐಪಿಯಲ್ಲಿ (ಜಾಲದೊಳಗಿನ ವಿಳಾಸ) ಕೂತಿರುತ್ತದೆ. ದೋಣಿ ಜಾಲದ ಲೋಕವೇ ಬೇರೆ. ಪ್ಲಾಟರ್ ರೇಮರೀನ್ ಕಂಪನಿಯದಾದರೆ 198.18, ಗಾರ್ಮಿನ್ ಕಂಪನಿಯದಾದರೆ 172.16. ಪ್ಲಾಟರೇ ವಿಳಾಸ ಹಂಚುತ್ತದೆ. ಹಾಗಾಗಿ ಕ್ಯಾಮೆರಾವನ್ನು ಡಿಎಚ್‌ಸಿಪಿಗೆ (ಕೊಟ್ಟ ವಿಳಾಸವನ್ನು ತಾನಾಗಿ ತೆಗೆದುಕೊಳ್ಳುವ ವ್ಯವಸ್ಥೆ) ಬಿಟ್ಟರೆ ಸಾಕು, ಈ ಗಂಟು ಬಿಚ್ಚುತ್ತದೆ. ಜೊತೆಗೆ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಒನ್‌ವಿಫ್ ಆನ್ ಮಾಡಬೇಕು. ಎಷ್ಟೋ ಕ್ಯಾಮೆರಾಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಅದಕ್ಕೆ ಬೇರೆ ಯೂಸರ್ ಕೂಡ ಮಾಡಬೇಕು.

ಎರಡನೆಯದು ಕೋಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸಿ ಕಳಿಸುವ ವಿಧಾನ. ಈಗಿನ ಕ್ಯಾಮೆರಾಗಳು ಎಚ್.265ರಲ್ಲಿ ಕಳಿಸುತ್ತವೆ, ಹಳೆಯ ಪ್ಲಾಟರ್‌ಗೆ ಅದು ತಿಳಿಯುವುದಿಲ್ಲ. ಎಚ್.264, 720ಪಿ, ಸೆಕೆಂಡಿಗೆ 15 ಫ್ರೇಮ್ ಇಟ್ಟೆ. ಜಾಗ ಉಳಿಸುವ 'ಸ್ಮಾರ್ಟ್' ಕೋಡೆಕ್‌ಗಳನ್ನೆಲ್ಲ ಆಫ್ ಮಾಡಿದೆ. ಐ-ಫ್ರೇಮ್ (ಪೂರ್ತಿ ಚಿತ್ರ ಇರುವ ಫ್ರೇಮ್) ಅಂತರವನ್ನೂ 15ಕ್ಕೆ ಇಳಿಸಿದೆ, ಇಲ್ಲದಿದ್ದರೆ ಪರದೆ ಬದಲಿಸಿದಾಗ ಚಿತ್ರ ಬರಲು ಕಾಯುತ್ತ ಕೂರಬೇಕು.

ಇಷ್ಟಾದ ಮೇಲೂ ಒಂದು ವಿಚಿತ್ರ ಉಳಿಯಿತು. ಅದೇ ಕೇಬಲ್, ಅದೇ ಪಾಸ್‌ವರ್ಡ್. ಲ್ಯಾಪ್‌ಟಾಪ್‌ನಲ್ಲಿ ಒನ್‌ವಿಫ್ ಡಿವೈಸ್ ಮ್ಯಾನೇಜರ್ ಅನ್ನುವ ಸಾಫ್ಟ್‌ವೇರ್ ತೆರೆದರೆ ಚಿತ್ರ ಲಕಲಕ. ಪ್ಲಾಟರ್‌ನಲ್ಲಿ ಕ್ಯಾಮೆರಾದ ಹೆಸರು ಬರುತ್ತದೆ, ಒತ್ತಿದರೆ ಕಪ್ಪು ಚೌಕ. ಹುಣ್ಣಿಮೆ ದಿನ ಹುಲಿಗಿ ರಸ್ತೆ ತುಂಬ ಹುಲಿಗೆಮ್ಮನ ಗುಡಿಗೆ ಹೋಗುವ ಜನ ಇರುತ್ತಾರೆ, ಫಿಟ್ಟಿಂಗ್ ಕೆಲಸಕ್ಕೆ ಹೋಗಲಾಗುವುದಿಲ್ಲ. ಅಂಥ ದಿನ ಪ್ಲಾಟರ್ ಬಿಚ್ಚಿ ತಂದು, ನಡುವೆ ಸ್ವಿಚ್ ಇಟ್ಟು, ಜಾಲದ ಮಾತುಕತೆ ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್‌ನಲ್ಲಿ ಕದ್ದು ಕೇಳಿದೆ. ಕ್ಯಾಮೆರಾ 'ನೀನು ಯಾರೋ ಗೊತ್ತಿಲ್ಲ' ಅಂತ ಪ್ಲಾಟರನ್ನು ವಾಪಸ್ ಕಳಿಸುತ್ತಿತ್ತು.

ಕಾರಣ ಗಡಿಯಾರ. ಒನ್‌ವಿಫ್‌ನ ಈ ಲಾಗಿನ್‌ನಲ್ಲಿ ಪಾಸ್‌ವರ್ಡ್ ನೇರವಾಗಿ ಹೋಗುವುದಿಲ್ಲ. ಪಾಸ್‌ವರ್ಡ್, ಒಂದು ಯಾದೃಚ್ಛಿಕ ತುಣುಕು, ಕಳಿಸಿದ ಸಮಯ, ಮೂರನ್ನೂ ಸೇರಿಸಿ ಅರೆದು ಒಂದು ಗುರುತು ಮಾಡಿ ಕಳಿಸುತ್ತಾರೆ. ಆ ಸಮಯ ತನ್ನ ಗಡಿಯಾರಕ್ಕಿಂತ ತುಂಬ ಹಿಂದೆಮುಂದೆ ಇದ್ದರೆ, ಯಾರೋ ಹಳೆಯ ಸಂದೇಶ ಕದ್ದು ಮತ್ತೆ ಕಳಿಸಿದ್ದಾರೆ ಅಂತ ಕ್ಯಾಮೆರಾ ಬಾಗಿಲು ಹಾಕುತ್ತದೆ. ಪ್ಲಾಟರ್‌ಗೆ ಉಪಗ್ರಹದಿಂದ ಸರಿಯಾದ ಸಮಯ ಸಿಗುತ್ತದೆ. ಕ್ಯಾಮೆರಾಗೆ ಎಲ್ಲಿಂದ ಸಿಗಬೇಕು? ದೋಣಿಯಲ್ಲಿ ಇಂಟರ್ನೆಟ್ ಇಲ್ಲ. ಮೇಲಾಗಿ ಕಳ್ಳರ ಭಯಕ್ಕೆ ಕಾಕಾ ಸಂಜೆ ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯುತ್ತಾನೆ. ಬೆಳಿಗ್ಗೆ ಕರೆಂಟ್ ಬಂದಾಗ ಕ್ಯಾಮೆರಾ 1970ನೇ ಇಸವಿಯಲ್ಲಿ ಕಣ್ಣು ಬಿಡುತ್ತದೆ. ಲ್ಯಾಪ್‌ಟಾಪ್ ಯಾಕೆ ಸೋಲಲಿಲ್ಲ ಅಂದರೆ, ಅದು ಮೊದಲೇ 'ನಿನ್ನಲ್ಲಿ ಗಂಟೆ ಎಷ್ಟು' ಅಂತ ಕೇಳಿ ಅದಕ್ಕೆ ತಕ್ಕಂತೆ ಗುರುತು ಮಾಡುತ್ತಿತ್ತು. ಹಾಗೆ ಕೇಳಲು ಲಾಗಿನ್ ಬೇಕಿಲ್ಲ. ನಮ್ಮ ಹಳೆಯ ಪ್ಲಾಟರ್‌ಗೆ ಆ ಜಾಣತನ ಇಲ್ಲ.

ಪರಿಹಾರ ಹುಡುಕಿದ್ದು ಮಜಾ ಕೊಟ್ಟಿತು. ಒಂದು ಇಎಸ್‌ಪಿ32 ಬೋರ್ಡ್ (ಪುಟ್ಟ ಕಂಪ್ಯೂಟರ್ ಇದ್ದಂತೆ), ನಿಯೋ-6ಎಂ ಜಿಪಿಎಸ್, ನೆಟ್‌ವರ್ಕ್ ಕೇಬಲ್ ಸಿಕ್ಕಿಸಲು ಡಬ್ಲ್ಯೂ5500 ಬೋರ್ಡ್. ಮೂರನ್ನೂ ಜಂಕ್ಷನ್ ಬಾಕ್ಸ್‌ನಲ್ಲಿ ಕೂರಿಸಿ ಪುಟ್ಟ ಎನ್‌ಟಿಪಿ ಸರ್ವರ್ (ಜಾಲದಲ್ಲಿ ಸಮಯ ಹೇಳುವ ಯಂತ್ರ) ಮಾಡಿದೆ. ಆಕಾಶದಿಂದ ಸಮಯ ಹಿಡಿದು ಕ್ಯಾಮೆರಾಗೆ ಹೇಳುವುದಷ್ಟೇ ಅದರ ಕೆಲಸ. ಟೈಮ್ ಜೋನ್ ಕೂಡ ನೋಡಿಕೊಳ್ಳಿ. ಜಿಪಿಎಸ್‌ನಿಂದ ಬರುವುದು ಯುಟಿಸಿ (ಜಾಗತಿಕ ಸಮಯ), ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜೋನ್ ತಪ್ಪಿದ್ದರೆ ಮೇಲೆ ಕಾಣುವ ಗಂಟೆ ಸರಿ ಇದ್ದರೂ ಒಳಗಿನ ಲೆಕ್ಕ ತಪ್ಪಿರುತ್ತದೆ.

ಕರೆಂಟ್ ವಿಷಯ ಚುಟುಕಾಗಿ. ಪಿಒಇಗೆ (ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡುವುದು) 48 ವೋಲ್ಟ್ ಬೇಕು, ದೋಣಿಯಲ್ಲಿರುವುದು 12. ನಡುವೆ ಬೂಸ್ಟ್ ಮಾಡುವ ಇಂಜೆಕ್ಟರ್ ಹಾಕಿದ್ದೇನೆ. ಕೇಬಲ್ ಮಾತ್ರ ಪೂರ್ತಿ ತಾಮ್ರದ್ದೇ ಇರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಗೋಡೆ ಮೇಲೆ ಹೇಗೋ ನಡೆಯುತ್ತದೆ, ಮೋಟಾರ್ ಅದುರುವ ಕಡೆ ಕ್ರಿಂಪಿಂಗ್ (ತುದಿಗೆ ಕನೆಕ್ಟರ್ ಒತ್ತಿದ ಜಾಗ) ಹತ್ತಿರವೇ ಮುರಿಯುತ್ತದೆ.

ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲಿರುವ ಐಆರ್ (ಇನ್‌ಫ್ರಾರೆಡ್) ಲೈಟನ್ನು ಆಫ್ ಮಾಡಿದ್ದೇನೆ. ನಸುಕಿನಲ್ಲಿ ಅದಕ್ಕೆ ಮುತ್ತುವ ಹುಳಗಳೇ ಪರದೆ ತುಂಬ ಬೆಳ್ಳಗೆ ಹಾರಾಡುತ್ತಿದ್ದವು.

ಈಗಿನ ಸ್ಥಿತಿ: ಚಿತ್ರ ನಿಲ್ಲದೆ ಬರುತ್ತಿದೆ, ಹೆಚ್ಚುಕಡಿಮೆ ಒಂದು ಸೆಕೆಂಡ್ ತಡವಾಗಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ದೋಣಿ ಮೂರು ಮೀಟರ್ ಹತ್ತಿರ ಮುಂದೆ ಹೋಗಿರುತ್ತದೆ. ಥರ್ಮಾಕೋಲ್ ದೂರದಿಂದಲೇ ಕಾಣುವುದರಿಂದ ಅದಕ್ಕೆ ತೊಂದರೆ ಇಲ್ಲ. ದಡಕ್ಕೆ ಹಚ್ಚುವಾಗ ಮಾತ್ರ ಪರದೆ ನಂಬಬೇಡ ಅಂತ ಕಾಕಾಗೆ ಹೇಳಿದ್ದೇನೆ. ಅವನ ಪ್ರಶ್ನೆ ಬೇರೆಯೇ ಇತ್ತು: "ಅದು ಇರ್ಲಿ, ಇದ್ರಾಗ ಮೀನ ಕಾಣ್ತಾವೇನಪಾ?"

ಹಿಂಭಾಗದ ಕ್ಯಾಮೆರಾಗೆ ಮಿರರ್ ಆನ್ ಮಾಡಬೇಕು. ಹಿಂದಕ್ಕೆ ನೋಡುವ ಕ್ಯಾಮೆರಾದಲ್ಲಿ ದೋಣಿಯ ಬಲ ಪರದೆಯ ಎಡಕ್ಕೆ ಬರುತ್ತದೆ, ಬಲೆ ಬಿಡುವ ಗಡಿಬಿಡಿಯಲ್ಲಿ ಅದು ತಲೆ ಕೆಡಿಸುತ್ತದೆ. ಮೋಟಾರ್ ಪಕ್ಕದ ಹಲಗೆಗೆ ಬಿಗಿದು ನೋಡಿದರೆ ಚಿತ್ರ ಗಡಗಡ ನಡುಗುತ್ತದೆ, ಅದಕ್ಕೆ ಬೇರೆ ಕಂಬವೇ ಬೇಕು. ಸ್ಟೀಲ್ ಪೈಪನ್ನು ವೆಲ್ಡಿಂಗ್ ಅಂಗಡಿಗೆ ಕೊಟ್ಟು ಬಂದಿದ್ದೇನೆ, ಇನ್ನೂ ಕೈಗೆ ಸಿಕ್ಕಿಲ್ಲ.