ಹೆಡಿಂಗ್ಲಿಯ ಇನ್ನೊಂದು ಮಗ್ಗುಲು

ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲಿ ಎಂದೊಡನೆ ನಮ್ಮವರಿಗೆ 2002ರಲ್ಲಿ ರಾಹುಲ್ ದ್ರಾವಿಡ್ ಗಳಿಸಿದ 148 ರನ್‌ಗಳು ನೆನಪಾಗುತ್ತವೆ. ಆ ಕ್ರಿಕೆಟ್ ಮೈದಾನಕ್ಕೆ ಬೆನ್ನು ತಾಗಿಸಿಕೊಂಡಿರುವ ಇನ್ನೊಂದು ಮೈದಾನದಲ್ಲಿ ಲೀಡ್ಸ್ ರೈನೋಸ್ ತಂಡ ರಗ್ಬಿಯ ಒಂದು ಪ್ರಕಾರವಾದ ‘ರಗ್ಬಿ ಲೀಗ್’ ಆಡುತ್ತದೆ. ಕ್ಲಬ್ಬೊಂದರ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಏನೆಲ್ಲ ಮಾಡಬಲ್ಲರು ಎಂಬುದಕ್ಕೆ ಅಲ್ಲಿ ದೀರ್ಘಕಾಲ ಆ ಹುದ್ದೆಯಲ್ಲಿದ್ದ ಗ್ಯಾರಿ ಹೆದರಿಂಗ್ಟನ್ ಅವರಿಗಿಂತ ಉತ್ತಮ ನಿದರ್ಶನ ಇಲ್ಲವೆಂದೇ ನನ್ನ ಅಭಿಪ್ರಾಯ.

1984ರಲ್ಲಿ ಪತ್ನಿ ಕ್ಯಾಥ್ ಅವರೊಂದಿಗೆ ಶೆಫೀಲ್ಡ್ ಈಗಲ್ಸ್ ಕ್ಲಬ್ಬನ್ನು ಕಟ್ಟಿದ್ದ ಅವರು, 1996ರಲ್ಲಿ ಉದ್ಯಮಿ ಪಾಲ್ ಕ್ಯಾಡಿಕ್ ಅವರ ಜೊತೆಗೂಡಿ ಲೀಡ್ಸ್‌ಗೆ ಬಂದಾಗ ಕ್ಲಬ್ಬಿನ ಹಣಕಾಸು ತೀರಾ ಹದಗೆಟ್ಟಿತ್ತು. ಈ ಆಟದ ಅಗ್ರ ಪಂದ್ಯಾವಳಿಯಾದ ಸೂಪರ್ ಲೀಗ್‌ನಲ್ಲಿ ಆಟಗಾರರ ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯಿರುವುದರಿಂದ, ಹಣ ಸುರಿದು ತಾರೆಯರನ್ನು ಕೊಂಡು ತರುವ ದಾರಿ ಅಲ್ಲಿ ಬಹುದೂರ ಸಾಗುವುದಿಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬ ಕಠಿಣ ಲೆಕ್ಕ ಆಡಳಿತದ ಮೇಜಿನ ಮೇಲೆಯೇ ಇತ್ಯರ್ಥವಾಗಬೇಕು. ಕೆವಿನ್ ಸಿನ್‌ಫೀಲ್ಡ್, ರಾಬ್ ಬರೋ, ಡ್ಯಾನಿ ಮೆಗ್ವೈರ್ ಮೊದಲಾದವರು ಕ್ಲಬ್ಬಿನ ಯುವ ತಂಡಗಳಿಂದಲೇ ಮೇಲೆ ಬಂದವರು. 2004ರಲ್ಲಿ, 32 ವರ್ಷಗಳ ನಂತರ, ಲೀಡ್ಸ್ ಮತ್ತೆ ಚಾಂಪಿಯನ್ ಆಯಿತು. 2017ರ ಹೊತ್ತಿಗೆ ಅದರ ಸೂಪರ್ ಲೀಗ್ ಪ್ರಶಸ್ತಿಗಳು ಎಂಟಾಗಿದ್ದವು.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಗುವುದು 2019ರಲ್ಲಿ ಪೂರ್ಣಗೊಂಡ ಪ್ರೇಕ್ಷಕರ ಸ್ಟ್ಯಾಂಡ್. ಅದರ ಒಂದು ಬದಿಯ ಆಸನಗಳು ರಗ್ಬಿಯತ್ತ, ಇನ್ನೊಂದು ಬದಿಯವು ಕ್ರಿಕೆಟ್‌ನತ್ತ ಮುಖ ಮಾಡಿವೆ. ಇಂಥದ್ದನ್ನು ಕಟ್ಟಲು ಯಾರ್ಕ್‌ಶೈರ್ ಕ್ರಿಕೆಟ್ ಕ್ಲಬ್, ನಗರಸಭೆ, ಹಣ ಹೂಡುವವರು ಎಲ್ಲರನ್ನೂ ವರ್ಷಗಟ್ಟಲೆ ಮಾತಿಗೆ ಕೂರಿಸಬೇಕಾಗುತ್ತದೆ; ತರಬೇತುದಾರನಿಗೆ ಅದಕ್ಕೆ ಬಿಡುವಿರುವುದಿಲ್ಲ, ಮುಂದಿನ ಪಂದ್ಯ ವಾರದೊಳಗೇ ಇರುತ್ತದೆ.