ಮಿನಿಮೈಜ್ ಬಟನ್ ಇಲ್ಲದ ಸೋಮವಾರ

2011ರ ಜೂನ್ ತಿಂಗಳ ಒಂದು ಭಾನುವಾರ ನಮ್ಮ ಪುಟ್ಟ ಅನುವಾದ ಕಚೇರಿಯ ಆರೂ ಕಂಪ್ಯೂಟರ್‌ಗಳಿಗೆ ನಾನು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಫೆಡೋರಾ 15 ಹಾಕಿದೆ. ಆ ವರ್ಷದ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿದ್ದ ಗ್ನೋಮ್ 3 ಎಂಬ ಹೊಸ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ವಿಂಡೋ, ಮೆನುಗಳನ್ನು ತೋರಿಸುವ ತಂತ್ರಾಂಶ, ಅದರಲ್ಲಿತ್ತು. ಮನೆಯಲ್ಲಿ ಎರಡು ವಾರ ಬಳಸಿದ್ದ ನನಗೆ ಅದು ಬಹಳ ಹಿಡಿಸಿತ್ತು. ಪರದೆಯ ನೆತ್ತಿಯಲ್ಲಿ ಒಂದೇ ಕಪ್ಪು ಪಟ್ಟಿ, ಉಳಿದ ಜಾಗವೆಲ್ಲ ಕೆಲಸಕ್ಕೆ. ವಿಂಡೋಸ್ ಕೀಲಿ ಒತ್ತಿದರೆ ತೆರೆದಿರುವ ವಿಂಡೋಗಳೆಲ್ಲ ಒಟ್ಟಿಗೆ ಕಣ್ಣೆದುರು ಹರಡಿಕೊಳ್ಳುತ್ತಿದ್ದವು. ಇಷ್ಟು ಒಳ್ಳೆಯದನ್ನು ಎಲ್ಲರಿಗೂ ಕೊಡುತ್ತಿದ್ದೇನೆಂಬ ಸಂತೋಷದಲ್ಲಿ ಯಾರಿಗೂ ಮುಂಚಿತವಾಗಿ ತಿಳಿಸಲಿಲ್ಲ. ಆ ತಪ್ಪು ಪೂರ್ತಿ ನನ್ನದು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಕರಡು ತಿದ್ದುವ ನಮ್ಮ ಹಿರಿಯರು. "ನನ್ನ ಫೈಲುಗಳೆಲ್ಲ ಎಲ್ಲಿ ಹೋದವಪ್ಪಾ?" ಎಂದು ಅವರು ಕೇಳಿದಾಗ ಆ ದನಿಯಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು. ಹೊಸ ವಿನ್ಯಾಸವು ಡೆಸ್ಕ್‌ಟಾಪಿನ ಮೇಲೆ ಕಡತಗಳ ಚಿತ್ರಗಳನ್ನು ತೋರಿಸುವುದನ್ನೇ ಬಿಟ್ಟಿತ್ತು. ಕಡತಗಳು ಮಾತ್ರ ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿ ಸುರಕ್ಷಿತವಾಗಿದ್ದವು. ನಾನು ಫೋಲ್ಡರ್ ತೆರೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು. ತಿದ್ದಿ ಮುಗಿಸಿದ ಅಧ್ಯಾಯಗಳನ್ನು ಎಡಗಡೆಗೆ, ಇನ್ನೂ ಮುಟ್ಟದವನ್ನು ಬಲಗಡೆಗೆ, ಲೇಖಕರನ್ನು ಕೇಳಬೇಕಾದ ಅನುಮಾನಗಳಿರುವವನ್ನು ಕೆಳಗಿನ ಮೂಲೆಗೆ ಎಳೆದಿಡುವುದು ಅವರ ಕ್ರಮವೆಂದು ನನಗೆ ಗೊತ್ತಾದದ್ದು ಆಗಲೇ. ಫೋಲ್ಡರಿನಲ್ಲಿ ಎಲ್ಲವೂ ಅಕಾರಾದಿಯಾಗಿ ಸಾಲುಗಟ್ಟಿ ನಿಂತಿದ್ದವು. ಒಂದು ಕಡತವೂ ಕಳೆದಿರಲಿಲ್ಲ; ಆದರೆ ಯಾವ ಕೆಲಸ ಎಲ್ಲಿಯವರೆಗೆ ಬಂದಿದೆಯೆಂಬ ಲೆಕ್ಕವು ಅವು ಕುಳಿತಿದ್ದ ಜಾಗದಲ್ಲಿ ಇತ್ತು, ಅದು ಅಳಿಸಿಹೋಗಿತ್ತು.

ಅವರ ಎರಡನೆಯ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಮೂಲವನ್ನೂ ಅನುವಾದವನ್ನೂ ಬರವಣಿಗೆಯ ತಂತ್ರಾಂಶವಾದ ಲಿಬ್ರೆಆಫೀಸಿನ ಎರಡು ವಿಂಡೋಗಳಲ್ಲಿ ತೆರೆದು, ಆಲ್ಟ್ ಮತ್ತು ಟ್ಯಾಬ್ ಕೀಲಿಗಳಿಂದ ಒಂದರಿಂದ ಇನ್ನೊಂದಕ್ಕೆ ಹಾರುತ್ತ ವಾಕ್ಯ ವಾಕ್ಯವನ್ನೂ ಹೋಲಿಸುವುದು ಅವರ ರೂಢಿ. ಗ್ನೋಮ್ 3ರಲ್ಲಿ ಆ ಕೀಲಿಗಳು ವಿಂಡೋಗಳ ನಡುವೆ ಅಲ್ಲ, ತಂತ್ರಾಂಶಗಳ ನಡುವೆ ಹಾರುತ್ತಿದ್ದವು; ಒಂದೇ ತಂತ್ರಾಂಶದ ವಿಂಡೋಗಳಿಗೆ ಟ್ಯಾಬ್ ಕೀಲಿಯ ಮೇಲಿರುವ ಕೀಲಿಯನ್ನು ಬಳಸಬೇಕಿತ್ತು. ಹೀಗಾಗಿ ಹೋಲಿಸಬೇಕೆಂದಾಗಲೆಲ್ಲ ಅವರಿಗೆ ಬ್ರೌಸರ್ ಎದುರಾಗುತ್ತಿತ್ತು. ಬೆರಳಿಗೆ ಒಂದೇ ಒಂದು ಕೀಲಿಯ ಅಂತರ, ಆದರೆ ಓದುತ್ತಿದ್ದ ವಾಕ್ಯ ಪ್ರತಿ ಸಲವೂ ತುಂಡಾಗುತ್ತಿತ್ತು.

ಲೆಕ್ಕಪತ್ರ ನೋಡುವ ಸಹೋದ್ಯೋಗಿಗೆ ಮಿನಿಮೈಜ್ ಬಟನ್ ಕಾಣಲಿಲ್ಲ. ನಾನು ಓದಿಕೊಂಡಿದ್ದ ಸಮರ್ಥನೆಯನ್ನು ಒಪ್ಪಿಸಿದೆ: ಕೆಳಗಿನ ವಿಂಡೋ ಪಟ್ಟಿಯನ್ನೇ ತೆಗೆದಿರುವುದರಿಂದ ಮಿನಿಮೈಜ್ ಮಾಡಿದ ವಿಂಡೋ ಹೋಗಿ ಕೂರಲು ಸ್ಥಳವಿಲ್ಲ, ಬೇರೆ ಕೆಲಸವನ್ನು ಇನ್ನೊಂದು ವರ್ಕ್‌ಸ್ಪೇಸಿಗೆ, ಅಂದರೆ ಎರಡನೆಯ ಪರದೆಯಂಥ ಜಾಗಕ್ಕೆ, ಸರಿಸಬಹುದು. ಅವರು ಪೂರ್ತಿ ಕೇಳಿಸಿಕೊಂಡು, "ಕಾರಣ ಸರಿಯಿರಬಹುದು ಸರ್. ಆದರೆ ಯಾರಾದರೂ ಮೇಜಿನ ಪಕ್ಕಕ್ಕೆ ಬಂದು ನಿಂತರೆ ಸಂಬಳದ ಹಾಳೆಯನ್ನು ನಾನು ಆ ಕ್ಷಣವೇ ಮರೆಮಾಡಬೇಕು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲರೂ ಬೇಸರಪಟ್ಟರೆಂದು ಬರೆದರೆ ಸುಳ್ಳಾದೀತು. ಹೊಸದಾಗಿ ಸೇರಿದ್ದ ಅನುವಾದಕಿ ಮೊದಲ ಗಂಟೆಯಲ್ಲೇ ಅದಕ್ಕೆ ಒಗ್ಗಿಕೊಂಡರು. ಮೆನುಗಳಲ್ಲಿ ಹುಡುಕುವ ಬದಲು ಕೀಲಿ ಒತ್ತಿ ಮೂರಕ್ಷರ ಬರೆದರೆ ಬೇಕಾದದ್ದು ತೆರೆದುಕೊಳ್ಳುವುದು ಅವರಿಗೆ ತುಂಬ ಇಷ್ಟವಾಯಿತು. ಅವರೂ ಒಂದು ವಿಷಯಕ್ಕೆ ಮಾತ್ರ ರೇಗಿದರು: ಫೈಲ್ ಮೆನುವಿನತ್ತ ಮೌಸ್ ಒಯ್ಯುವಾಗ ಅದು ಪರದೆಯ ಎಡಮೂಲೆಗೆ ತಾಗಿದರೆ ಸಾಕು, ಬರೆಯುತ್ತಿದ್ದ ಪುಟ ಹಿಂದೆ ಸರಿದು ವಿಂಡೋಗಳೆಲ್ಲ ಚದುರಿ ನಿಲ್ಲುತ್ತಿದ್ದವು.

ಅಂದು ನನಗೆ ಹೆಚ್ಚು ಕಲಿಸಿದ್ದು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್. ಅದರ ಗ್ರಾಫಿಕ್ಸ್ ಕಾರ್ಡಿಗೆ ಹೊಸ ವಿನ್ಯಾಸವನ್ನು ನಡೆಸುವ ಶಕ್ತಿಯಿರಲಿಲ್ಲ. ಅಂಥ ಯಂತ್ರಗಳಿಗೆಂದೇ ಇದ್ದ, ಮೇಲೊಂದು ಕೆಳಗೊಂದು ಪಟ್ಟಿಯ ಹಳೆಯ ರೂಪದಲ್ಲಿ ಅದು ತೆರೆದುಕೊಂಡಿತ್ತು. ಅದುವರೆಗೆ ಯಾರಿಗೂ ಬೇಡವಾಗಿದ್ದ ಆ ಯಂತ್ರದ ಮುಂದೆ ಮಧ್ಯಾಹ್ನದ ಹೊತ್ತಿಗೆ ಇಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಸಂಜೆ ಹೊರಡುವಾಗ ಕಂಪ್ಯೂಟರ್ ಆರಿಸುವ ಆಯ್ಕೆ ಯಾರಿಗೂ ಸಿಗಲಿಲ್ಲ. ಮೆನುವಿನಲ್ಲಿ ಕಂಪ್ಯೂಟರನ್ನು ಆರಿಸದೆ ಮಲಗಿಸಿಡುವ ಸಸ್ಪೆಂಡ್ ಎಂಬ ಆಯ್ಕೆಯಷ್ಟೇ ಇತ್ತು. ಆಲ್ಟ್ ಕೀಲಿ ಒತ್ತಿ ಹಿಡಿದರೆ ಅದೇ ಸಾಲು ಪವರ್ ಆಫ್ ಆಗುತ್ತಿತ್ತು. ನಾನು ಹೇಳುವಷ್ಟರಲ್ಲಿ ಇಬ್ಬರು ಸಿಪಿಯುವಿನ ಬಟನ್ನನ್ನೇ ಒತ್ತಿ ಹಿಡಿದಾಗಿತ್ತು.

ನಮ್ಮ ಕೋಣೆಯಲ್ಲಿ ಕೇಳಿದ ಮಾತುಗಳೇ ಆ ವರ್ಷ ಎಲ್ಲೆಡೆ ಕೇಳುತ್ತಿದ್ದವು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3ನ್ನು ಕಟುವಾಗಿ ಟೀಕಿಸಿ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ಹೋದರು. ಕೆಲವರು ಗ್ನೋಮ್ 2ರ ಹಳೆಯ ಕೋಡನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇದನ್ನು ಬದಲಾವಣೆಗೆ ಹೆದರುವವರ ಹಟವೆಂದು ತಳ್ಳಿಹಾಕಿದವರೂ ಇದ್ದರು. ಹಿಂದಿನ ವಾರ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಾವು ಅದುವರೆಗೆ ಬಳಸುತ್ತಿದ್ದ ಗ್ನೋಮ್ 2 ಬಂದದ್ದು 2002ರಲ್ಲಿ. ಒಂಬತ್ತು ವರ್ಷ ಕೈಗಳು ಒಂದೇ ದಾರಿಯಲ್ಲಿ ಓಡಾಡಿದ್ದವು, ಆ ದಾರಿಯನ್ನು ಭಾನುವಾರದ ಒಂದೇ ರಾತ್ರಿಯಲ್ಲಿ ಮುಚ್ಚಿದವನು ನಾನು.

ಮಂಗಳವಾರ ನಾನು ಪ್ರತಿಯೊಬ್ಬರ ಪಕ್ಕದಲ್ಲೂ ಅರ್ಧ ಗಂಟೆ ಕುಳಿತೆ. ಹೊಸ ಡೆಸ್ಕ್‌ಟಾಪನ್ನು ವಿವರಿಸಲು ಹೋಗದೆ, ನಿಮ್ಮ ಕೆಲಸವನ್ನು ಮಾಡಿ ತೋರಿಸಿ ಎಂದಷ್ಟೇ ಕೇಳಿದೆ. ಲೆಕ್ಕಪತ್ರದವರಿಗೆ ಒಂದು ಸೆಟ್ಟಿಂಗ್ ಬದಲಿಸಿ ಮಿನಿಮೈಜ್ ಬಟನ್ನನ್ನು ಮರಳಿ ತಂದೆ. ಹಿರಿಯರ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಾಕಿದೆ. ಕಡತಗಳನ್ನು ಮತ್ತೆ ಎಡಕ್ಕೂ ಬಲಕ್ಕೂ ಹಂಚಲು ಅವರಿಗೆ ಒಂದು ಮಧ್ಯಾಹ್ನ ಹಿಡಿಯಿತು. ಅನುವಾದಕಿ ಗ್ನೋಮ್ 3ರಲ್ಲೇ ಉಳಿದರು, ನಾನೂ ಉಳಿದೆ. ಮುಂದಿನ ವರ್ಷ ಪವರ್ ಆಫ್ ಮತ್ತೆ ಮೆನುವಿಗೆ ಬಂತು; 2013ರ ಮಾರ್ಚ್‌ನಲ್ಲಿ ಬಂದ 3.8ನೇ ಆವೃತ್ತಿಯು ಹಳೆಯ ಮಾದರಿಯ ಮೆನು ಮತ್ತು ವಿಂಡೋ ಪಟ್ಟಿಗಳಿರುವ ಕ್ಲಾಸಿಕ್ ಎಂಬ ಪರ್ಯಾಯವನ್ನೂ ಕೊಟ್ಟಿತು.

2021ರಲ್ಲಿ ಗ್ನೋಮ್ 40 ಬಂದಾಗ ವರ್ಕ್‌ಸ್ಪೇಸ್‌ಗಳು ಅಡ್ಡಸಾಲಿಗೆ ತಿರುಗಿ, ಎಡಬದಿಯಲ್ಲಿದ್ದ ಐಕಾನ್ ಪಟ್ಟಿ ಕೆಳಕ್ಕೆ ಇಳಿದಿತ್ತು. ಈ ಸಲ ಒಂದೇ ಯಂತ್ರಕ್ಕೆ ಅದನ್ನು ಹಾಕಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಎರಡು ವಾರ ಕಾದೆ. ಅದರ ಮೊದಲ ಪುಟದಲ್ಲಿ ಹಿರಿಯರ ದುಂಡಗಿನ ಅಕ್ಷರದಲ್ಲಿ ಒಂದೇ ಪ್ರಶ್ನೆಯಿತ್ತು: "ಎರಡು ಕರಡುಗಳ ನಡುವೆ ಹೋಗಿಬರುವುದು ಇದರಲ್ಲಿ ಯಾವ ಕೀಲಿಯಿಂದ?"